ರಾತ್ರಿ ಊಟಕ್ಕೆ ಒಂದು ಬಟ್ಟಲು ಕೋಸಂಬರಿ: ಡಬ್ಬಿಯಲ್ಲಿದ್ದದ್ದರಲ್ಲೇ ಹೊಟ್ಟೆ ತುಂಬಿಸುವುದು ಹೇಗೆ

ರಾತ್ರಿ ಎಂಟೂಕಾಲು. ಆಗಷ್ಟೇ ಮನೆಗೆ ಬಂದು ಚಪ್ಪಲಿ ಬಿಟ್ಟಿದ್ದೀರಿ. ಫ್ರಿಜ್ಜಿನಲ್ಲಿ ಎರಡು ಸೌತೆಕಾಯಿ, ಒಂದು ಬಾಡಿದ ಕ್ಯಾರೆಟ್ಟು, ಅರ್ಧ ಹೋಳು ತೆಂಗಿನಕಾಯಿ. ಅನ್ನ ಸಾರು ಮಾಡುವ ಮನಸ್ಸಿಲ್ಲ. ಹೊರಗಿನಿಂದ ತರಿಸೋಣ ಅಂದರೆ ಅದು ಬರುವ ಹೊತ್ತಿಗೆ ಹಸಿವೇ ಸತ್ತಿರುತ್ತದೆ. ಇಂಥ ರಾತ್ರಿಗಳಿಗೆ ನಾನು ನೆಚ್ಚಿಕೊಂಡಿರುವುದು ಕೋಸಂಬರಿಯನ್ನು.

ಹೌದು, ರಾಮನವಮಿಗೆ ಪಾನಕ, ನೀರುಮಜ್ಜಿಗೆ ಜೊತೆ ದೊನ್ನೆಯಲ್ಲಿ ಕೊಡುತ್ತಾರಲ್ಲ, ಅದೇ. ಮದುವೆ ಊಟದಲ್ಲಿ ಎಲೆಯ ಮೇಲ್ತುದಿಗೆ ಒಂದು ಚಮಚ ಬೀಳುತ್ತದೆ, ಅನ್ನ ಬರುವಷ್ಟರಲ್ಲಿ ಖಾಲಿ. ಅದನ್ನೇ ದೊಡ್ಡ ಬಟ್ಟಲಿನ ತುಂಬ ಮಾಡಿಕೊಂಡರೆ ಊಟ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಸಲ ಅಮ್ಮ ಹಾಕುವ ಅಳತೆಯನ್ನೇ ನಾಲ್ಕು ಪಟ್ಟು ಮಾಡಿ, ಎಲ್ಲ ಕಲಸಿ, ಉಪ್ಪನ್ನೂ ಹಾಕಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಬಟ್ಟಲಿನ ತಳದಲ್ಲಿ ಮುಕ್ಕಾಲು ಲೋಟ ನೀರು, ಅದರಲ್ಲಿ ಬೇಳೆ ಈಜುತ್ತಿತ್ತು. ಹೇಗೋ ತಿಂದೆ. ಹನ್ನೊಂದು ಗಂಟೆಗೆ ಹೊಟ್ಟೆ ಉಬ್ಬರ ಒಂದು ಕಡೆ, ಹಸಿವು ಇನ್ನೊಂದು ಕಡೆ. ಬಿಸ್ಕತ್ತಿನ ಪ್ಯಾಕೆಟ್ ಒಡೆದುಕೊಂಡು ಕೂತೆ.

ಒಂದು ಚಮಚಕ್ಕೆ ಸರಿಹೋಗುವ ರೀತಿ ಒಂದು ಬಟ್ಟಲಿಗೆ ಸರಿಹೋಗುವುದಿಲ್ಲ, ಅಷ್ಟೇ ವಿಷಯ. ಊಟಕ್ಕೆ ಅಂತ ಮಾಡುವಾಗ ಬೇಳೆ ಜಾಸ್ತಿ ಇರಬೇಕು, ಆ ಬೇಳೆ ಸ್ವಲ್ಪ ಬಿಸಿ ಕಂಡಿರಬೇಕು, ನೀರು ಎಲ್ಲೂ ನಿಲ್ಲಬಾರದು. ಮಿಕ್ಕಿದ್ದೆಲ್ಲ ನಿಮ್ಮ ಮನೆಯ ರುಚಿ.

ಡಬ್ಬಿಗಳಲ್ಲಿ ಏನಿರಬೇಕು

ಇಬ್ಬರ ಊಟಕ್ಕೆ ಲೆಕ್ಕ ಹೇಳುತ್ತೇನೆ. ಹೆಸರುಬೇಳೆ ಒಂದು ಸಣ್ಣ ಲೋಟ, ಅಂದರೆ ಸುಮಾರು 150 ಗ್ರಾಂ. ಕಡಲೆಬೀಜ ಒಂದು ದೊಡ್ಡ ಹಿಡಿ. ತೆಂಗಿನ ತುರಿ ನಾಲ್ಕು ದೊಡ್ಡ ಚಮಚ. ಹಸಿಮೆಣಸಿನಕಾಯಿ ಎರಡು, ನಿಂಬೆಹಣ್ಣು ಒಂದು, ಕೊತ್ತಂಬರಿ ಸೊಪ್ಪು ಇದ್ದಷ್ಟು. ಒಗ್ಗರಣೆಗೆ ಎರಡು ಚಮಚ ಎಣ್ಣೆ, ಅರ್ಧ ಚಮಚ ಸಾಸಿವೆ, ಎರಡು ಚಿಟಿಕೆ ಇಂಗು, ಎಂಟು ಹತ್ತು ಎಸಳು ಕರಿಬೇವು. ತರಕಾರಿ ಅಂತ ಎರಡು ಸೌತೆಕಾಯಿ, ಒಂದು ಕ್ಯಾರೆಟ್ಟು.

ಸೌತೆಕಾಯಿ ಇಲ್ಲವಾ? ಎಲೆಕೋಸು ಸಣ್ಣಗೆ ಹೆಚ್ಚಿ. ಮೂಲಂಗಿ ತುರಿಯಿರಿ. ಗಟ್ಟಿ ಸೀಬೆಕಾಯಿ ಕೂಡ ನಡೆಯುತ್ತದೆ, ಬೀಜ ತೆಗೆದು ಹಾಕಿ. ಬೇಸಿಗೆಯಲ್ಲಿ ತೋತಾಪುರಿ ಮಾವಿನಕಾಯಿ ಸಿಕ್ಕರೆ ನಿಂಬೆಹಣ್ಣೇ ಬೇಡ. ದಾಳಿಂಬೆ ಇದ್ದರೆ ಹಾಕಿ, ಇಲ್ಲದಿದ್ದರೆ ಅದಕ್ಕಂತ ಅಂಗಡಿಗೆ ಓಡಬೇಡಿ. ಹಸಿ ತೆಂಗಿನಕಾಯಿ ಖಾಲಿಯಾಗಿದ್ದರೆ ಒಣಕೊಬ್ಬರಿ ತುರಿದು ಎರಡು ಚಮಚ ಬಿಸಿನೀರು ಚಿಮುಕಿಸಿ ಐದು ನಿಮಿಷ ಬಿಡಿ, ಮೆತ್ತಗಾಗುತ್ತದೆ.

ಹೊಟ್ಟೆ ತುಂಬಿಸುವುದು ಬೇಳೆ ಮತ್ತು ಕಡಲೆಬೀಜ. 100 ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ, ಕಡಲೆಬೀಜದಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೇಲಿನ ಅಳತೆಯಲ್ಲಿ ಮಾಡಿದರೆ ಒಬ್ಬೊಬ್ಬರಿಗೆ 20 ಗ್ರಾಮಿನ ಮೇಲೆಯೇ ಸಿಗುತ್ತದೆ. ಬರೀ ಸೌತೆಕಾಯಿ, ಟೊಮೆಟೊ ಹೆಚ್ಚಿಟ್ಟುಕೊಂಡು ಡಯಟ್ಟು ಅಂತ ಮಲಗಿದರೆ ನಡುರಾತ್ರಿ ಎಚ್ಚರವಾಗುವುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಮೊದಲು ಬೇಳೆ ನೆನೆಹಾಕಿ, ಆಮೇಲೆ ಮುಖ ತೊಳೆಯಿರಿ

ಇದು ತಮಾಷೆಗೆ ಹೇಳಿದ್ದಲ್ಲ. ಮನೆಗೆ ಬಂದ ತಕ್ಷಣ ಮಾಡಬೇಕಾದ ಒಂದೇ ಕೆಲಸ ಇದು. ಬೇಳೆಯನ್ನು ಎರಡು ಮೂರು ಸಲ ತೊಳೆಯಿರಿ, ನೊರೆ ಹೋಗಿ ನೀರು ತಿಳಿಯಾಗಬೇಕು. ಆಮೇಲೆ ಕೈಗೆ ಬೆಚ್ಚಗೆನಿಸುವ ನೀರು ಹಾಕಿ ಮುಚ್ಚಿಡಿ. ತಣ್ಣೀರಾದರೆ 45 ನಿಮಿಷ ಬೇಕು, ಬೆಚ್ಚನೆ ನೀರಿಗೆ 25 ನಿಮಿಷ ಸಾಕು. ಬೇಳೆ ಹೆಚ್ಚುಕಮ್ಮಿ ಎರಡರಷ್ಟು ಉಬ್ಬುತ್ತದೆ, ಪಾತ್ರೆ ದೊಡ್ಡದಿರಲಿ.

ನೆನೆದಿದೆಯಾ ಅಂತ ನೋಡುವುದು ಉಗುರಿನಿಂದ. ಒಂದು ಬೇಳೆ ತೆಗೆದು ಹೆಬ್ಬೆರಳಿನ ಉಗುರಿನಿಂದ ಒತ್ತಿ. ಸಲೀಸಾಗಿ ಎರಡು ತುಂಡಾಗಿ, ಒಳಗೆ ಬಿಳಿ ಹಿಟ್ಟಿನ ಚುಕ್ಕೆ ಕಾಣದಿದ್ದರೆ ಆಯಿತು. ಚುಕ್ಕೆ ಕಂಡರೆ ಇನ್ನೂ ಹತ್ತು ನಿಮಿಷ. ಕಡಲೆಬೇಳೆ ಕೋಸಂಬರಿ ಬೇಕು ಅನ್ನುವವರು ಒಂದೂವರೆ ಎರಡು ಗಂಟೆ ಕಾಯಬೇಕು. ಹಾಗಾಗಿ ಅದು ಭಾನುವಾರದ ಕೆಲಸ, ಇಲ್ಲವೇ ಬೆಳಿಗ್ಗೆ ಹೋಗುವಾಗಲೇ ನೆನೆಸಿ ಫ್ರಿಜ್ಜಿನಲ್ಲಿಟ್ಟು ಹೋಗಬೇಕು. ಹೊರಗೆ ಇಟ್ಟು ಹೋದರೆ ನಮ್ಮ ಬೇಸಿಗೆಗೆ ಸಂಜೆ ಹೊತ್ತಿಗೆ ಹುಳಿ ವಾಸನೆ ಬಂದಿರುತ್ತದೆ.

ಈಗ ಬಿಸಿ ಕಾಣಿಸುವ ವಿಷಯ. ಒಂದು ಚಮಚ ಹಸಿ ಬೇಳೆ ಯಾರಿಗೂ ಏನೂ ಮಾಡುವುದಿಲ್ಲ, ಆದರೆ ಒಂದು ಬಟ್ಟಲು ಹಸಿ ಬೇಳೆ ರಾತ್ರಿ ತಿಂದರೆ ಸುಮಾರು ಜನಕ್ಕೆ ಗ್ಯಾಸು ಗ್ಯಾರಂಟಿ, ನನಗಂತೂ ಆಗಿದೆ. ಅದಕ್ಕೆ ನೆನೆದ ಬೇಳೆಯ ನೀರು ಬಸಿದು, ಮೇಲೆ ಕುದಿಯುವ ನೀರು ಸುರಿದು ಮುಚ್ಚಿ ಐದು ನಿಮಿಷ ಬಿಡಿ. ಒಲೆಯ ಮೇಲೆ ಇಡುವುದೇ ಬೇಡ. ಬೇಳೆ ಹಳದಿಯಾಗೇ ಇರುತ್ತದೆ, ಹಲ್ಲಿಗೆ ಸಿಗುತ್ತದೆ, ಆದರೆ ಹಸಿ ವಾಸನೆ ಹೋಗಿರುತ್ತದೆ. ಐದು ನಿಮಿಷ ಅಂದರೆ ಐದೇ ನಿಮಿಷ. ಫೋನ್ ನೋಡುತ್ತಾ ಹದಿನೈದು ಮಾಡಿದರೆ ಪೊಂಗಲ್ ಮಾಡಿಕೊಳ್ಳಬೇಕಾಗುತ್ತದೆ. ಇದು ಶಾಸ್ತ್ರೋಕ್ತ ಕೋಸಂಬರಿ ಅಲ್ಲ ಅಂತ ಅಮ್ಮ ಈಗಲೂ ಮೂಗು ಮುರಿಯುತ್ತಾರೆ. ಇರಲಿ, ನೈವೇದ್ಯಕ್ಕೆ ಮಾಡುವಾಗ ಅವರ ಹಾಗೇ ಮಾಡುತ್ತೇನೆ.

ನೆನೆಯುವ ಹೊತ್ತಿನಲ್ಲಿ

ಕಡಲೆಬೀಜವನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಹುರಿಯಿರಿ. ದೊಡ್ಡ ಉರಿ ಇಟ್ಟರೆ ಸಿಪ್ಪೆ ಕಪ್ಪಗಾಗುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಚಟಪಟ ಅಂದು, ಸಿಪ್ಪೆ ಅಲ್ಲಲ್ಲಿ ಬಿರಿದಾಗ ಇಳಿಸಿ. ಆರಿದ ಮೇಲೆ ಬಟ್ಟೆಯಲ್ಲಿ ಹಾಕಿ ಉಜ್ಜಿ, ಊದಿದರೆ ಸಿಪ್ಪೆ ಹಾರಿಹೋಗುತ್ತದೆ. ಒಲೆ ಹತ್ತಿರ ಊದಬೇಡಿ, ಗುಡಿಸುವ ಕೆಲಸ ಬೀಳುತ್ತದೆ. ಕುಟ್ಟಾಣಿಯಲ್ಲಿ ಎರಡೇ ಏಟು, ತರಿತರಿಯಾಗಿರಲಿ.

ಸೌತೆಕಾಯಿಗೆ ಸ್ವಲ್ಪ ಗಮನ ಕೊಡಿ. ಮೊದಲು ಎರಡೂ ತುದಿ ಕತ್ತರಿಸಿ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳಿ. ತುದಿಯನ್ನು ಉಜ್ಜಿ ನೊರೆ ಬರಿಸಿದರೆ ಕಹಿ ಹೋಗುತ್ತದೆ ಅಂತಾರೆ. ನಾನು ಉಜ್ಜುತ್ತೇನೆ, ಆದರೂ ರುಚಿ ನೋಡದೆ ಹಾಕುವುದಿಲ್ಲ. ಒಂದು ಕಹಿಕಾಯಿ ಇಡೀ ಬಟ್ಟಲನ್ನು ಹಾಳು ಮಾಡುತ್ತದೆ. ಬಲಿತ ಕಾಯಾದರೆ ಉದ್ದಕ್ಕೆ ಸೀಳಿ, ಚಮಚದಿಂದ ಬೀಜದ ತಿರುಳು ಕೆರೆದು ತೆಗೆಯಿರಿ. ನೀರು ಇರುವುದೆಲ್ಲ ಅಲ್ಲೇ.

ತುರಿಯಬೇಡಿ. ತುರಿದ ಸೌತೆಕಾಯಿ ಎರಡು ನಿಮಿಷಕ್ಕೆ ನೀರು ಬಿಡುತ್ತದೆ. ಅಮ್ಮ ಕೊಚ್ಚುವ ರೀತಿ ಹೇಳುತ್ತೇನೆ: ಸಿಪ್ಪೆ ತೆಗೆದ ಕಾಯನ್ನು ಎಡಗೈಯಲ್ಲಿ ನೆಟ್ಟಗೆ ಹಿಡಿದು, ಮೇಲಿನ ತುದಿಗೆ ಚಾಕುವಿನಿಂದ ಉದ್ದಕ್ಕೆ ಅಡ್ಡಕ್ಕೆ ಹತ್ತಿರ ಹತ್ತಿರ ಕಚ್ಚು ಮಾಡುತ್ತಾರೆ, ಒಂದು ಬೆರಳಿನಷ್ಟು ಆಳಕ್ಕೆ. ಆಮೇಲೆ ಆ ತುದಿಯನ್ನು ತೆಳ್ಳಗೆ ಹೆಚ್ಚಿದರೆ ಬೇಳೆಯಷ್ಟೇ ಸಣ್ಣ ಚೂರುಗಳು ಬಟ್ಟಲಿಗೆ ಉದುರುತ್ತವೆ. ಮತ್ತೆ ಕಚ್ಚು, ಮತ್ತೆ ಹೆಚ್ಚು. ಕೈ ಪಳಗದವರು ಮಣೆಯ ಮೇಲಿಟ್ಟೇ ಹೆಚ್ಚಿಕೊಳ್ಳಿ, ಬೆರಳು ಮುಖ್ಯ. ಚೂರು ಬೇಳೆಯ ಗಾತ್ರಕ್ಕೆ ಇದ್ದರೆ ಒಂದೇ ಚಮಚಕ್ಕೆ ಎಲ್ಲವೂ ಬರುತ್ತದೆ, ಇಲ್ಲದಿದ್ದರೆ ಮೊದಲು ಸೌತೆಕಾಯಿ ಎಲ್ಲ ತಿಂದು ಕೊನೆಗೆ ಬರೀ ಬೇಳೆ ಉಳಿಯುತ್ತದೆ.

ಕ್ಯಾರೆಟ್ಟು ಮಾತ್ರ ತುರಿಯಬಹುದು, ಅದು ಅಷ್ಟು ನೀರು ಬಿಡುವುದಿಲ್ಲ. ಈರುಳ್ಳಿ ಬೇಕು ಅನ್ನುವವರು ಸಣ್ಣಗೆ ಹೆಚ್ಚಿ ಉಪ್ಪುನೀರಿನಲ್ಲಿ ಐದು ನಿಮಿಷ ಬಿಟ್ಟು ಹಿಂಡಿ ಹಾಕಿ, ಘಾಟು ಇಳಿಯುತ್ತದೆ.

ನೀರು ಬಸಿಯುವುದು

ಬಿಸಿನೀರಿನಲ್ಲಿದ್ದ ಬೇಳೆಯನ್ನು ಜರಡಿಗೆ ಸುರಿದು ಮೇಲೆ ತಣ್ಣೀರು ಹಾಯಿಸಿ. ಬೇಯುವುದು ಅಲ್ಲಿಗೆ ನಿಲ್ಲಬೇಕು. ಆಮೇಲೆ ಜರಡಿಯನ್ನು ಒಂದು ಬಟ್ಟಲಿನ ಮೇಲೆ ಓರೆಯಾಗಿ ಇಟ್ಟು ಹತ್ತು ನಿಮಿಷ ಮರೆತುಬಿಡಿ. ಅವಸರ ಇದ್ದರೆ ಒಂದು ಒಣ ಹತ್ತಿ ಬಟ್ಟೆಯ ಮೇಲೆ ಹರಡಿ ಮೇಲಿಂದ ಒತ್ತಿ. ಬೇಳೆ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉದುರಬೇಕು.

ಇಷ್ಟು ಮಾಡಿಯೂ ನೀರು ಉಳಿಯುತ್ತಿದ್ದರೆ ಅದಕ್ಕೆ ಮದ್ದು ನನಗೆ ಸಿಕ್ಕಿದ್ದು ಅತ್ತೆಯಿಂದ. ಅವರು ಧಾರವಾಡದವರು. ಒಂದು ಸಲ ನನ್ನ ಬಟ್ಟಲು ನೋಡಿ, "ಒಂದೀಟು ಪುಠಾಣಿ ಹಿಟ್ಟು ಹಾಕವಾ, ನೀರು ಹೀರ್ಕೊಂತದ" ಅಂದರು. ಪುಠಾಣಿ ಅಂದರೆ ನಮ್ಮ ಕಡೆಯ ಹುರಿಗಡಲೆ. ಎರಡು ಚಮಚ ಹುರಿಗಡಲೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಉದುರಿಸಿದರೆ ತಳದ ನೀರು ಮಾಯ, ಜೊತೆಗೆ ಪ್ರತಿ ಚೂರಿಗೂ ಖಾರ ಹುಳಿ ಅಂಟಿಕೊಳ್ಳುತ್ತದೆ. ಈಗ ನೀರಿರಲಿ ಬಿಡಲಿ ಹಾಕುತ್ತೇನೆ.

ಒಗ್ಗರಣೆ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದು ನಿಂತ ಮೇಲೆ ಹಸಿಮೆಣಸಿನಕಾಯಿ, ಕರಿಬೇವು, ಒಲೆ ಆರಿಸಿ ಇಂಗು. ತೆಂಗಿನೆಣ್ಣೆ ಆಗಿಬರುವವರಿಗೆ ಅದೇ ಚೆನ್ನ. ಒಣಮೆಣಸಿನಕಾಯಿ ಹಾಕುವುದಾದರೆ ಬ್ಯಾಡಗಿ ಒಂದು ಮುರಿದು ಹಾಕಿ, ಬಣ್ಣ ಬರುತ್ತದೆ, ಖಾರ ಅಷ್ಟಿಲ್ಲ. ಹಸಿಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸುವುದಕ್ಕೆ ಕಾರಣ ಇದೆ: ಬಟ್ಟಲು ತುಂಬ ತಿನ್ನುವಾಗ ಹಸಿ ಚೂರು ಹಲ್ಲಿಗೆ ಸಿಕ್ಕರೆ ಊಟವೇ ನಿಂತುಹೋಗುತ್ತದೆ.

ಒಗ್ಗರಣೆ ಪೂರ್ತಿ ಆರಲಿ. ಬಿಸಿಯಾಗಿ ಸುರಿದರೆ ಸೌತೆಕಾಯಿ ಮೆತ್ತಗಾಗುತ್ತದೆ, ಅದರ ಮೇಲೆ ನಿಂಬೆರಸ ಹಿಂಡಿದರೆ ಒಂಥರಾ ಕಹಿ ಬರುತ್ತದೆ.

ಕಲಸುವ ಸರದಿ

ಅಗಲವಾದ ಬಟ್ಟಲಿಗೆ ಮೊದಲು ಬೇಳೆ, ಅದಕ್ಕೆ ಆರಿದ ಒಗ್ಗರಣೆ. ಚೆನ್ನಾಗಿ ತಿರುವಿ, ಬೇಳೆಗೆಲ್ಲ ಎಣ್ಣೆ ಹತ್ತಲಿ. ಆಮೇಲೆ ಕ್ಯಾರೆಟ್ಟು, ತೆಂಗಿನ ತುರಿ, ಕೊತ್ತಂಬರಿ. ಇಲ್ಲಿಗೆ ನಿಲ್ಲಿಸಿ. ಮನೆಯವರನ್ನು ಊಟಕ್ಕೆ ಕರೆಯಿರಿ, ತಟ್ಟೆ ಹಾಕಿ, ನೀರು ಇಡಿ. ಎಲ್ಲರೂ ಬಂದು ಕೂತ ಮೇಲೆ ಸೌತೆಕಾಯಿ, ಹುರಿಗಡಲೆ ಪುಡಿ, ಕಡಲೆಬೀಜ, ನಿಂಬೆರಸ, ಕೊನೆಗೆ ಮುಕ್ಕಾಲು ಚಮಚ ಉಪ್ಪು ಹಾಕಿ ಕಲಸಿ.

ಉಪ್ಪು ಬಿದ್ದ ಕ್ಷಣದಿಂದ ಸೌತೆಕಾಯಿಯ ಒಳಗಿನ ನೀರು ಹೊರಗೆ ಬರಲು ಶುರುವಾಗುತ್ತದೆ. ಹತ್ತು ನಿಮಿಷ ನಿಮ್ಮ ಕೈಯಲ್ಲಿದೆ. "ಬಂದೆ ಬಂದೆ" ಅಂತ ಟೀವಿ ಮುಂದಿನಿಂದ ಏಳದವರಿಗೆ ಅವರ ಪಾಲನ್ನು ಉಪ್ಪಿಲ್ಲದೆ ಬೇರೆ ಎತ್ತಿಡಿ, ಬಂದಾಗ ಅವರೇ ಹಾಕಿಕೊಳ್ಳಲಿ.

ನೆನೆಸಲೂ ಹೊತ್ತಿಲ್ಲದ ದಿನ

ತೆಳು ಅವಲಕ್ಕಿ ಡಬ್ಬಿ ತೆಗೆಯಿರಿ. ಇದಕ್ಕೆ ಹತ್ತೇ ನಿಮಿಷ. ಇಲ್ಲಿ ಲೆಕ್ಕ ಪೂರ್ತಿ ತಿರುಗುಮುರುಗು: ಮೇಲೆ ನೀರನ್ನು ಓಡಿಸಲು ಒದ್ದಾಡಿದೆವಲ್ಲ, ಇಲ್ಲಿ ಆ ನೀರೇ ಬೇಕು. ಕರಾವಳಿ ಕಡೆ ತೆಂಗಿನ ತುರಿ ಹಸಿಮೆಣಸಿನಕಾಯಿಗೆ ತೆಳು ಅವಲಕ್ಕಿ ಕಲಸುತ್ತಾರಲ್ಲ, ಅದೇ ದಾರಿ. ಸೌತೆಕಾಯಿ, ಟೊಮೆಟೊ, ಈರುಳ್ಳಿ, ತೆಂಗಿನ ತುರಿಗೆ ಉಪ್ಪು, ಅರ್ಧ ಚಮಚ ಸಕ್ಕರೆ, ನಿಂಬೆರಸ ಹಾಕಿ ಕೈಯಲ್ಲಿ ಚೆನ್ನಾಗಿ ಹಿಸುಕಿ. ರಸ ಬಿಟ್ಟ ಮೇಲೆ ಎರಡು ಲೋಟ ತೆಳು ಅವಲಕ್ಕಿಯನ್ನು ತೊಳೆಯದೆ ಹಾಗೇ ಹಾಕಿ ಕಲಸಿ ಐದು ನಿಮಿಷ ಮುಚ್ಚಿಡಿ. ಆ ರಸ ಕುಡಿದೇ ಅವಲಕ್ಕಿ ಮೆತ್ತಗಾಗುತ್ತದೆ. ಮೇಲೆ ಒಗ್ಗರಣೆ, ಕಡಲೆಬೀಜ. ಕಡಲೆಬೀಜ ಎರಡು ಹಿಡಿ ಆಗಲಿ, ಯಾಕೆಂದರೆ ಇಲ್ಲಿ ಬೇಳೆ ಇಲ್ಲ. ಗಟ್ಟಿ ಅವಲಕ್ಕಿ ಇದಕ್ಕೆ ಆಗುವುದಿಲ್ಲ, ಹಲ್ಲು ನೋವು ಬರುತ್ತದೆ.

ಮಂಡಕ್ಕಿ ಇದ್ದರೆ ಅದರಲ್ಲೂ ಆಗುತ್ತದೆ. ಯೋಚನೆ ಮಾಡಿದರೆ ಹುಬ್ಬಳ್ಳಿ ಗಿರ್ಮಿಟ್ಟೂ ಒಂದು ಲೆಕ್ಕದಲ್ಲಿ ಸಲಾಡೇ ಅಲ್ವಾ? ಅದರಲ್ಲೂ ಪುಠಾಣಿ ಹಿಟ್ಟು ಇದೆ, ಹಸಿ ಈರುಳ್ಳಿ ಇದೆ. ಗಿರ್ಮಿಟ್ ಮಾಡುವವರು ಇದನ್ನು ಕೇಳಿದರೆ ಬೈಯುತ್ತಾರೇನೋ.

ಅತ್ತೆಮನೆ ರೀತಿ

ಧಾರವಾಡದ ಕಡೆ ಜೋಳದ ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಗಜ್ಜರಿ ಇರಲೇಬೇಕು. ಅತ್ತೆ ಮೆಂತ್ಯದ ಪಚಡಿ ಮಾಡುವುದು ಹೀಗೆ: ಎಳೆ ಮೆಂತ್ಯಸೊಪ್ಪು ಎರಡು ಹಿಡಿ, ಬರೀ ಎಲೆ, ದಂಟು ಬೇಡ, ಸಣ್ಣಗೆ ಹೆಚ್ಚುತ್ತಾರೆ. ಉಳ್ಳಾಗಡ್ಡಿ, ನೆನೆದ ಹೆಸರುಬೇಳೆ, ಎರಡು ಚಮಚ ಶೇಂಗಾ ಚಟ್ನಿಪುಡಿ, ಒಂದು ಚಮಚ ಗುರೆಳ್ಳು (ನಮ್ಮ ಕಡೆಯ ಹುಚ್ಚೆಳ್ಳು) ಪುಡಿ, ಚೂರು ಬೆಲ್ಲ, ನಿಂಬೆರಸ, ಮೇಲೆ ಒಂದು ಚಮಚ ಹಸಿ ಎಣ್ಣೆ. ಒಗ್ಗರಣೆಯೂ ಇಲ್ಲ, ಒಲೆಯೂ ಇಲ್ಲ. ಸಿಲಿಂಡರ್ ಖಾಲಿಯಾದ ರಾತ್ರಿ ನಮ್ಮನ್ನು ಕಾಪಾಡಿದ್ದು ಇದೇ. ಒಣಗಿಸಿಟ್ಟ ಖಡಕ್ ರೊಟ್ಟಿ ಮನೆಯಲ್ಲಿದ್ದರೆ ಅದನ್ನೇ ಮುರಿದು ಇದನ್ನು ಎತ್ತಿಕೊಂಡು ತಿನ್ನಿ. ಗುರೆಳ್ಳು ಸಿಗದಿದ್ದರೆ ಅಗಸಿ ಪುಡಿ ಹಾಕಬಹುದು.

ಉಪ್ಪು ಹಾಕುವ ಮೊದಲು ರುಚಿ ನೋಡಿ, ಚಟ್ನಿಪುಡಿಯಲ್ಲಿ ಆಗಲೇ ಉಪ್ಪಿರುತ್ತದೆ. ಇದನ್ನು ನಾನು ಎರಡು ಸಲ ಮರೆತಿದ್ದೇನೆ.

ಕಾಳು ಹಾಕುವವರಿಗೆ

ಕಡಲೆಕಾಳು, ಕಾಬೂಲಿ ಕಡಲೆ ಆದರೆ ಹಿಂದಿನ ರಾತ್ರಿಯೇ ನೆನೆಸಿ, ಉಪ್ಪು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಕೂಗು. ನಾನು ಭಾನುವಾರ ಅರ್ಧ ಕೆಜಿ ಬೇಯಿಸಿ, ನೀರು ಬಸಿದು, ನಾಲ್ಕು ಡಬ್ಬಿ ಮಾಡಿ ಫ್ರೀಜರಿಗೆ ಹಾಕಿಡುತ್ತೇನೆ. ಬೇಕಾದ ದಿನ ಬಿಸಿನೀರಿಗೆ ಹಾಕಿ ಎರಡು ಕುದಿ ಬರಿಸಿದರೆ ಸಿದ್ಧ. ಹೊರದೇಶದಲ್ಲಿರುವವರಿಗೆ ಡಬ್ಬಿಯ ಕಾಬೂಲಿ ಕಡಲೆ ಸುಲಭವಾಗಿ ಸಿಗುತ್ತದೆ. 400 ಗ್ರಾಂ ಡಬ್ಬಿಯಲ್ಲಿ ನೀರು ಬಸಿದ ಮೇಲೆ ಉಳಿಯುವುದು ಸುಮಾರು 240 ಗ್ರಾಂ, ಅಂದರೆ ಇಬ್ಬರಿಗೆ ಒಂದು ಡಬ್ಬಿ. ಅದರ ಲೋಳೆ ನೀರನ್ನು ಚೆಲ್ಲಿ ಎರಡು ಸಲ ತೊಳೆಯಿರಿ, ಉಪ್ಪೂ ಸ್ವಲ್ಪ ಇಳಿಯುತ್ತದೆ. ಒಗ್ಗರಣೆ, ತೆಂಗಿನಕಾಯಿ, ನಿಂಬೆ ಎಲ್ಲ ಮೇಲೆ ಹೇಳಿದ ಹಾಗೆಯೇ.

ಮೊಳಕೆ ಕಾಳು ಹಾಕುವುದಾದರೆ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಇರುವ ಮನೆಯಲ್ಲಿ ಹಸಿಯಾಗಿ ಕೊಡಬೇಡಿ, ಆವಿಯಲ್ಲಿ ಚೆನ್ನಾಗಿ ಬೇಯಿಸಿ. ಮೊಳಕೆ ಬರುವ ಬೆಚ್ಚನೆ ತೇವದಲ್ಲಿ ಕಾಳಿನ ಜೊತೆ ಬ್ಯಾಕ್ಟೀರಿಯಾನೂ ಬೆಳೆಯುತ್ತದೆ. ರಾಜ್ಮಾ ವಿಷಯದಲ್ಲಂತೂ ರಾಜಿಯೇ ಬೇಡ. ಹಸಿ ಅಥವಾ ಅರೆಬೆಂದ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷದಂಥ ವಸ್ತು ಇರುತ್ತದೆ, ಕೆಲವೇ ಕಾಳು ತಿಂದರೂ ವಾಂತಿ ಬೇಧಿ ಆಗಬಹುದು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದ್ದನ್ನು ಮಾತ್ರ ಸಲಾಡಿಗೆ ಹಾಕಿ.

ರುಚಿ ಕೆಟ್ಟರೆ

ಖಾರ ಜಾಸ್ತಿಯಾದರೆ ತೆಂಗಿನ ತುರಿ ಇನ್ನೆರಡು ಚಮಚ, ಇಲ್ಲವೇ ಒಂದು ಸೌಟು ಗಟ್ಟಿ ಮೊಸರು ಹಾಕಿ ಬೇರೆಯೇ ತಿಂಡಿ ಮಾಡಿಬಿಡಿ. ಹುಳಿ ಜಾಸ್ತಿಯಾದರೆ ಚಿಟಿಕೆ ಸಕ್ಕರೆ. ಸಪ್ಪೆ ಅನ್ನಿಸಿದರೆ ಉಪ್ಪಿನ ಡಬ್ಬಿಗೆ ಕೈ ಹಾಕುವ ಮೊದಲು ನಿಂಬೆ ಹಿಂಡಿ ನೋಡಿ, ಬೇಳೆಗೆ ಹುಳಿ ಕಮ್ಮಿಯಾದಾಗಲೂ ಸಪ್ಪೆಯೇ ಅನ್ನಿಸುತ್ತದೆ. ಉಪ್ಪೇ ಜಾಸ್ತಿಯಾಗಿದ್ದರೆ ಹುರಿಗಡಲೆ ಪುಡಿ, ಕ್ಯಾರೆಟ್ಟು ಸೇರಿಸಿ ಅಥವಾ ಒಂದು ಹಿಡಿ ಮಂಡಕ್ಕಿ.

ಉಳಿದರೆ ಹೊರಗೆ ಬಿಡಬೇಡಿ, ತೆಂಗಿನಕಾಯಿ ಇದೆ, ಬೆಳಿಗ್ಗೆಗೆ ಹಳಸುತ್ತದೆ. ಮುಚ್ಚಿ ಫ್ರಿಜ್ಜಿಗೆ ಹಾಕಿ. ಬೆಳಿಗ್ಗೆ ಅದು ನೀರು ಬಿಟ್ಟುಕೊಂಡು ಸೊರಗಿರುತ್ತದೆ, ಹಾಗೇ ತಿನ್ನಲು ಯಾರೂ ಒಪ್ಪುವುದಿಲ್ಲ. ಒಂದೂವರೆ ಲೋಟ ಅಕ್ಕಿಹಿಟ್ಟಿಗೆ ಅದನ್ನು ನೀರಿನ ಸಮೇತ ಸುರಿದು ನಾದಿ, ಬಾಣಲೆಗೆ ತಟ್ಟಿ ಅಕ್ಕಿರೊಟ್ಟಿ ಮಾಡಿ. ಹಿಟ್ಟಿಗೆ ಬೇರೆ ಉಪ್ಪು ಹಾಕುವ ಮೊದಲು ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ರಾತ್ರಿಯದ್ದು ಆಗಲೇ ಇದೆ.